ಕಾರು ಓಡಿಸಲು ಕರೆಂಟ್ ಬಿಲ್ಲು

ಅಮೆರಿಕದಲ್ಲಿ 'ಅಮೆರಿಕದ ಡ್ರೈವಿಂಗ್ ಲೈಸೆನ್ಸ್' ಎಂಬುದು ಸಿಗುವುದಿಲ್ಲ. ನ್ಯೂಜೆರ್ಸಿಯ ಲೈಸೆನ್ಸ್ ಸಿಗುತ್ತದೆ, ಟೆಕ್ಸಾಸಿನದು ಸಿಗುತ್ತದೆ, ಕ್ಯಾಲಿಫೋರ್ನಿಯಾದ್ದು ಸಿಗುತ್ತದೆ. ಐವತ್ತು ರಾಜ್ಯಗಳೂ ತಮ್ಮ ತಮ್ಮ ಕಾರ್ಡನ್ನು ತಾವೇ ಅಚ್ಚು ಹಾಕಿಸುತ್ತವೆ. ರಾಜಧಾನಿ ವಾಷಿಂಗ್ಟನ್ನಿನದು ಐವತ್ತೊಂದನೆಯದು. ಊರು ಸುತ್ತಲು ಹೊರಟವರು ಯಾವ ರಾಜ್ಯದ ಕಾರ್ಡಿನಲ್ಲಾದರೂ ದೇಶವಿಡೀ ಕಾರು ಓಡಿಸಬಹುದು. ನೆಲೆ ನಿಂತವರಿಗೆ ಮಾತ್ರ ಆ ರಿಯಾಯಿತಿ ಇಲ್ಲ.

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಹತ್ತು ವರ್ಷ ಸಂಸಾರ ಮಾಡಿದ ಕನ್ನಡದ ಕುಟುಂಬವೊಂದು ಕೆಲಸ ಬದಲಾಗಿ ಡಲ್ಲಾಸ್ ಪಕ್ಕದ ಪ್ಲೇನೋಗೆ ಬಂದಿಳಿಯಿತು ಅನ್ನಿ. ನ್ಯೂಜೆರ್ಸಿಯ ಕನ್ನಡ ಸಂಘ 'ಬೃಂದಾವನ'ದವರು ಡಲ್ಲಾಸಿನ ಕನ್ನಡ ಸಂಘ 'ಮಲ್ಲಿಗೆ'ಯವರಾಗಲು ತಡವಾಗುವುದಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತವರನ್ನು ಯಾರೂ ಹಳೆಯ ಸಂಘದ ಸದಸ್ಯತ್ವ ಒಪ್ಪಿಸಿ ಬನ್ನಿ ಎಂದು ವಾಪಸು ಕಳಿಸುವುದಿಲ್ಲ. ಲೈಸೆನ್ಸಿನ ಮಾತು ಹಾಗಲ್ಲ. ಹಳೆಯದನ್ನು ಕೊಟ್ಟರೇ ಹೊಸದು. ಒಬ್ಬರ ಜೇಬಿನಲ್ಲಿ ಎರಡು ರಾಜ್ಯಗಳ ಕಾರ್ಡು ಇರಕೂಡದು.

ಇದರ ಬೇರು ಸಂವಿಧಾನದಲ್ಲಿದೆ. ಕೇಂದ್ರಕ್ಕೆ ಬಿಟ್ಟುಕೊಡದ ಅಧಿಕಾರವೆಲ್ಲ ರಾಜ್ಯಗಳದ್ದು ಇಲ್ಲವೇ ಜನರದ್ದು ಎಂದು ಹತ್ತನೆಯ ತಿದ್ದುಪಡಿ ಹೇಳುತ್ತದೆ. ಪೊಲೀಸ್ ಅಧಿಕಾರ ರಾಜ್ಯದ್ದು, ಸಂಚಾರದ ನಿಯಮ ರಾಜ್ಯದ್ದು, ಆದ್ದರಿಂದ ಸವಾರನ ಪರವಾನಗಿಯೂ ರಾಜ್ಯದ್ದೇ. 1903ರಲ್ಲಿ ಮೆಸಾಚುಸೆಟ್ಸ್ ಮತ್ತು ಮಿಸ್ಸೌರಿ ಮೊದಲಿಗೆ ಲೈಸೆನ್ಸ್ ಕಡ್ಡಾಯ ಮಾಡಿದವು. ಸೌತ್ ಡಕೋಟ 1954ರವರೆಗೆ ಆ ಗೊಡವೆಗೇ ಹೋಗಲಿಲ್ಲ. ಸ್ವಾರಸ್ಯ ಇರುವುದು ಇನ್ನೊಂದು ಸಾಲಿನ ಇಸವಿಗಳಲ್ಲಿ. 1903ರಲ್ಲೇ ಲೈಸೆನ್ಸ್ ಬೇಕೆಂದ ಮಿಸ್ಸೌರಿ, 'ನಿನಗೆ ಓಡಿಸಲು ಬರುತ್ತದೆಯೇ' ಎಂದು ಪರೀಕ್ಷೆ ಮಾಡಿ ನೋಡಿದ್ದು 1952ರಲ್ಲಿ. ಸುಮಾರು ಐವತ್ತು ವರ್ಷ ಅಲ್ಲಿನ ಜನ ಪರೀಕ್ಷೆಯಿಲ್ಲದೆ ಲೈಸೆನ್ಸ್ ಪಡೆದರು. ಪರೀಕ್ಷೆಯನ್ನೂ ಜೊತೆಗೇ ಇಟ್ಟ ರೋಡ್ ಐಲೆಂಡಿನಂಥ ರಾಜ್ಯಗಳು (ಅದು 1908ರಲ್ಲಿ) ಆಗ ವಿರಳ. ಓಡಿಸುವ ವಿದ್ಯೆಗೂ ಈ ಕಾರ್ಡಿಗೂ ನಂಟು ಮೊದಲಿನಿಂದಲೇ ಸಡಿಲವಾಗಿತ್ತು. ರಾಜ್ಯ ಬದಲಿಸುವವರಿಗೆ ಆ ಸಡಿಲ ಇಂದಿಗೂ ಕೈಗೆ ತಗಲುತ್ತದೆ.

ಮೊದಲು ಗಡುವು. ಕ್ಯಾಲಿಫೋರ್ನಿಯಾ ಕೊಡುವುದು 10 ದಿನ, ನಮ್ಮಲ್ಲಿ ಸೂತಕ ಕಳೆಯುವಷ್ಟು ಕಾಲ. ಅಷ್ಟರಲ್ಲಿ ಬಾಡಿಗೆ ಮನೆ ಗೊತ್ತಾಗಿರುವುದಿಲ್ಲ, ಸಾಮಾನಿನ ಲಾರಿ ಇನ್ನೂ ಅರಿಜೋನದಲ್ಲೇ ಇರುತ್ತದೆ. ನ್ಯೂಯಾರ್ಕ್, ಫ್ಲೋರಿಡ, ವಾಷಿಂಗ್ಟನ್ ರಾಜ್ಯಗಳು 30 ದಿನ ಅನ್ನುತ್ತವೆ. ನ್ಯೂಜೆರ್ಸಿ 60. ಟೆಕ್ಸಾಸ್ ಮತ್ತು ಇಲಿನಾಯ್ 90. ಮೆಸಾಚುಸೆಟ್ಸಿನಲ್ಲಿ ನಿವಾಸಿಯಾದ ಗಳಿಗೆಯಿಂದಲೇ ಅಲ್ಲಿನ ಲೈಸೆನ್ಸ್ ಇರಬೇಕು. 90 ದಿನವೆಂದು ಟೆಕ್ಸಾಸಿನಲ್ಲಿ ನಿರಾಳವಾಗುವಂತಿಲ್ಲ, ಏಕೆಂದರೆ ಕಾರಿಗೆ ಬೇರೆ ಗಡುವು: ಅದು 30 ದಿನದೊಳಗೆ ಟೆಕ್ಸಾಸಿನದಾಗಬೇಕು. ಕಾರಿನ ನೋಂದಣಿ ನಡೆಯುವುದು ಕೌಂಟಿಯ ತೆರಿಗೆ ಕಚೇರಿಯಲ್ಲಿ. ಹೊರಗಿನಿಂದ ತಂದ ಕಾರಿಗೆ ಹೊಸ ನಿವಾಸಿ ತೆರಿಗೆ ಅಂತ 90 ಡಾಲರ್. ಲೈಸೆನ್ಸ್ ಕೊಡುವವರು ಬೇರೆ: ಡಿಪಿಎಸ್, ಅಂದರೆ ಸಾರ್ವಜನಿಕ ಸುರಕ್ಷತಾ ಇಲಾಖೆ. ಹೆದ್ದಾರಿಯ ಪೊಲೀಸರೂ, ಸಿನಿಮಾಗಳಿಂದ ಹೆಸರಾದ ಟೆಕ್ಸಾಸ್ ರೇಂಜರುಗಳೂ ಅದೇ ಇಲಾಖೆಯವರು. ನಿಮ್ಮ ಹೆಸರಿನಲ್ಲಿರುವ ಕಾರು ಟೆಕ್ಸಾಸಿನಲ್ಲಿ ನೋಂದಣಿಯಾಗಿದೆಯೇ ಎಂದು ಈ ಇಲಾಖೆ ಪುರಾವೆ ಕೇಳುತ್ತದೆ. ಆದ್ದರಿಂದ ವಿಮೆ ಮೊದಲು, ಕಾರು ಆಮೇಲೆ, ಸವಾರ ಕೊನೆಗೆ. ಇದು ಗೊತ್ತಿಲ್ಲದೆ ನೇರವಾಗಿ ಲೈಸೆನ್ಸಿನ ಕೌಂಟರಿಗೆ ಹೋದವರು ಬರಿಗೈಯಲ್ಲಿ ತಿರುಗಿ ಬರುತ್ತಾರೆ.

ಕಚೇರಿಗಳ ಹೆಸರೂ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ಡಿಎಂವಿ, ನ್ಯೂಜೆರ್ಸಿಯಲ್ಲಿ ಎಂವಿಸಿ, ಮೆಸಾಚುಸೆಟ್ಸಿನಲ್ಲಿ ಆರ್‌ಎಂವಿ, ಓಹಾಯೊದಲ್ಲಿ ಬಿಎಂವಿ. ಇಲಿನಾಯಲ್ಲಿ ಈ ಕೆಲಸ ರಾಜ್ಯದ ಮೊಹರು ಕಾಯುವ ಸೆಕ್ರೆಟರಿ ಆಫ್ ಸ್ಟೇಟ್ ಅವರದ್ದು. ಹೆಸರು ಏನೇ ಇರಲಿ, ಜನರ ಬಾಯಲ್ಲಿ ಎಲ್ಲವೂ ಡಿಎಂವಿಯೇ, ಎಲ್ಲದರ ಖ್ಯಾತಿಯೂ ಒಂದೇ. 2016ರ ಡಿಸ್ನಿ ಚಿತ್ರ 'ಜೂಟೋಪಿಯ'ದಲ್ಲಿ ಡಿಎಂವಿಯ ನೌಕರರೆಲ್ಲ ಸ್ಲಾತ್ ಎಂಬ ಜಡಪ್ರಾಣಿಗಳು. ಒಂದೊಂದು ಅಕ್ಷರ ಒತ್ತಲೂ ಯುಗ ಹಿಡಿಯುತ್ತದೆ. ಚಿತ್ರಮಂದಿರದಲ್ಲಿ ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಹೆಚ್ಚು ನಕ್ಕ ದೃಶ್ಯ ಅದು. ನಮ್ಮ ಆರ್‌ಟಿಒ ಬಾಗಿಲಲ್ಲಿ ನಿಂತು ಪಳಗಿದವರು ಮಾತ್ರ ಈ ಗೊಣಗಾಟ ಕೇಳಿ ಮುಗುಳ್ನಗುತ್ತಾರೆ. ಡಿಎಂವಿಯಲ್ಲಿ ಏಜೆಂಟನಿಲ್ಲ, ಫೈಲಿನೊಳಗೆ ಮಡಚಿಟ್ಟ ನೋಟಿಲ್ಲ. ಇರುವುದು ಕಾಯುವ ಕೆಲಸ ಮಾತ್ರ. ಡಲ್ಲಾಸಿನ ಸುತ್ತ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕಾಗಿ ಬರುವುದರಿಂದ, ಎರಡು ಗಂಟೆ ದೂರದ ಯಾವುದೋ ಸಣ್ಣ ಊರಿನ ಕಚೇರಿಯಲ್ಲಿ ನಾಳೆಯೇ ಜಾಗವಿದೆ ಎಂದು ಯಾರಾದರೂ ಹೇಳಿದರೆ ಇಡೀ ಅಪಾರ್ಟ್‌ಮೆಂಟು ಅತ್ತ ಕಾರು ತಿರುಗಿಸುತ್ತದೆ.

ಕೌಂಟರಿನಲ್ಲಿ ಕೂತವರಿಗೆ ಬೇಕಾದದ್ದು ಎರಡು ಉತ್ತರ. ನೀನು ಯಾರು? ರಾತ್ರಿ ಎಲ್ಲಿ ಮಲಗುತ್ತೀಯ?

ಎರಡನೆಯದಕ್ಕೆ ಎರಡು ದಾಖಲೆ: ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಬ್ಯಾಂಕಿನ ಕಾಗದ ಇಂಥವು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬೆಸ್ಕಾಂ ಬಿಲ್ಲು ಓನರ್ ಹೆಸರಿಗೇ ಬರುತ್ತದೆ. ಕೆಲವು ಮನೆಗಳಲ್ಲಿ ಓನರ್ ತೀರಿಕೊಂಡು ವರ್ಷಗಳಾದರೂ ಬಿಲ್ಲು ಅವರ ಹೆಸರು ಬಿಟ್ಟಿರುವುದಿಲ್ಲ. ಯಾರಿಗೂ ಅದೊಂದು ತೊಂದರೆ ಅನಿಸಿದ್ದಿಲ್ಲ. ಟೆಕ್ಸಾಸಿನ ಬಹುಭಾಗದಲ್ಲಿ 2002ರಿಂದ ಕರೆಂಟ್ ಮಾರುವ ಕಂಪನಿಯನ್ನು ಗ್ರಾಹಕರೇ ಆರಿಸಿಕೊಳ್ಳಬೇಕು. ಹತ್ತಾರು ಕಂಪನಿ, ನೂರಾರು ಪ್ಲಾನು. ಹೊಸದಾಗಿ ಬಂದವರು ಯಾವುದು ಅಗ್ಗವೆಂದು ಎರಡು ಸಂಜೆ ಲೆಕ್ಕ ಹಾಕುತ್ತಾರೆ. ಆ ಕಂಪನಿಯ ಮೊದಲ ಬಿಲ್ಲು ಕೈಗೆ ಬರುವವರೆಗೆ ತಾವು ಈ ರಾಜ್ಯದಲ್ಲಿದ್ದೇವೆಂದು ಸಾಬೀತು ಮಾಡಲು ಪರದಾಡುತ್ತಾರೆ. ಹೆಂಡತಿಯ ಸ್ಥಿತಿ ಇನ್ನೂ ತಮಾಷೆ. ಮನೆ ಹುಡುಕಿದವಳು, ಪ್ಲಾನು ಆರಿಸಿದವಳು, ಕಂಪನಿಗೆ ಫೋನು ಮಾಡಿ ಜಗಳವಾಡಿದವಳು ಅವಳೇ. ಬಿಲ್ಲಿನ ಮೇಲಿರುವ ಹೆಸರು ಮಾತ್ರ ಗಂಡನದು. ಆಗ ಅವಳು ನಮ್ಮ ಮನೆಯಲ್ಲೇ ಇದ್ದಾಳೆ ಎಂದು ಗಂಡ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಎಚ್-4 ವೀಸಾದಲ್ಲಿ (ಎಚ್-1ಬಿ ಎಂಬ ಕೆಲಸದ ವೀಸಾದವರ ಸಂಗಾತಿಗೆ ಸಿಗುವಂಥದ್ದು), ಕೆಲಸದ ಪರವಾನಗಿ ಇಲ್ಲದೆ ಇರುವವಳಾದರೆ ಸೋಷಿಯಲ್ ಸೆಕ್ಯುರಿಟಿ ನಂಬರೂ ಇರುವುದಿಲ್ಲ. 2015ರಲ್ಲಿ ಕೆಲವು ಎಚ್-4 ಸಂಗಾತಿಗಳಿಗೆ ಕೆಲಸದ ಅನುಮತಿ ಸಿಕ್ಕಮೇಲೆ ಅಂಥವರ ಸಂಖ್ಯೆ ಇಳಿದಿದೆ. ಉಳಿದವರಿಗೆ ಹಲವು ರಾಜ್ಯಗಳಲ್ಲಿ ಆ ನಂಬರ್ ಇಲ್ಲವೆನ್ನುವುದಕ್ಕೂ ಒಂದು ಪತ್ರ ಬೇಕು.

ನೀನು ಯಾರು ಎಂಬ ಪ್ರಶ್ನೆ ಕನ್ನಡಿಗರಿಗೆ ಇನ್ನೂ ಕಷ್ಟ. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಇನಿಷಿಯಲ್ಲಿನಲ್ಲಿ ಮಡಚಿಟ್ಟು ಬದುಕಿದವರು ನಾವು. ಪಾಸ್‌ಪೋರ್ಟಿನಲ್ಲಿ ಬರೀ ಮಂಜುನಾಥ ಎಂದಷ್ಟೇ ಇದ್ದು ಸರ್‌ನೇಮಿನ ಜಾಗ ಖಾಲಿ ಬಿದ್ದಿದ್ದರೆ, ಅಮೆರಿಕದ ವೀಸಾ ಅದನ್ನು ಹಾಗೇ ಬಿಡುವುದಿಲ್ಲ. ಮಂಜುನಾಥ ಸರ್‌ನೇಮಾಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ, ಮೊದಲ ಹೆಸರು ತಿಳಿಯದು ಎಂದರ್ಥ. ಒಂದು ರಾಜ್ಯ ಅದನ್ನೇ ಲೈಸೆನ್ಸಿನ ಮೇಲೂ ಅಚ್ಚು ಹಾಕಿಬಿಡುತ್ತದೆ, ಇನ್ನೊಂದು ಬೇರೆ ಉಪಾಯ ಹುಡುಕುತ್ತದೆ. ರಾಜ್ಯ ಬದಲಾದಾಗ ಪಾಸ್‌ಪೋರ್ಟು, ವೀಸಾ, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಹಳೆಯ ಲೈಸೆನ್ಸ್ ನಾಲ್ಕರಲ್ಲೂ ಹೆಸರು ನಾಲ್ಕು ಥರ ಇದ್ದರೆ, ಕೌಂಟರಿನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ಆಮೇಲೆ ಎತ್ತರ ಅಡಿ ಇಂಚಿನಲ್ಲಿ, ತೂಕ ಪೌಂಡಿನಲ್ಲಿ, ಕಣ್ಣಿನ ಬಣ್ಣ, ಕೂದಲಿನ ಬಣ್ಣ. ಕಣ್ಣಿಗೆ ಬಣ್ಣವಿರುತ್ತದೆ ಎಂಬ ಯೋಚನೆಯೇ ಬಾರದೆ ಬೆಳೆದವರು ಹೆಂಡತಿಯ ಮುಖ ನೋಡಿ 'ಬ್ರೌನಾ?' ಎಂದು ಕೇಳುತ್ತಾರೆ. ಟೆಕ್ಸಾಸಿನಲ್ಲಿ ಹೆಬ್ಬೆರಳ ಗುರುತೂ ಬೇಕು. ಕೊನೆಗೊಂದು ಕಣ್ಣಿನ ಪರೀಕ್ಷೆ. ಸಾಲಿನಲ್ಲಿರುವ ಅಕ್ಷರ ಓದಿದರಾಯಿತು. 33 ಡಾಲರ್ ಕಟ್ಟಿ, ಫೋಟೊ ತೆಗೆಸಿಕೊಂಡು ಹೊರಟರಾಯಿತು.

ಹೊರಗೆ ಬಂದಮೇಲೆ ಹೊಳೆಯುತ್ತದೆ: ಕಾರು ಓಡಿಸುವುದರ ಬಗ್ಗೆ ಯಾರೂ ಒಂದು ಮಾತೂ ಕೇಳಲೇ ಇಲ್ಲ.

ಚಾಲ್ತಿಯಲ್ಲಿರುವ ಬೇರೆ ರಾಜ್ಯದ ಲೈಸೆನ್ಸ್ ತಂದವರಿಗೆ ಟೆಕ್ಸಾಸಿನಲ್ಲಿ ಬರವಣಿಗೆಯ ಪರೀಕ್ಷೆಯೂ ಇಲ್ಲ, ರಸ್ತೆಯ ಪರೀಕ್ಷೆಯೂ ಇಲ್ಲ. ಹಾಗಂತ ಎರಡು ರಾಜ್ಯಗಳ ರಸ್ತೆ ಒಂದೇ ಅಲ್ಲ. ನ್ಯೂಜೆರ್ಸಿಯ ಎಷ್ಟೋ ಹೆದ್ದಾರಿಗಳಲ್ಲಿ ಎಡಕ್ಕೆ ಹೋಗಬೇಕಾದವನು ಮೊದಲು ಬಲಕ್ಕೆ ಇಳಿದು ಕೊಕ್ಕೆಯಾಕಾರದ ದಾರಿ ಸುತ್ತಿ ಬರಬೇಕು. ಟೆಕ್ಸಾಸಿನ ಹೆದ್ದಾರಿಗಳಿಗೆ ಅಕ್ಕಪಕ್ಕದಲ್ಲೇ ಸರ್ವಿಸ್ ರಸ್ತೆ. ಸೇತುವೆಯಡಿ ಸಿಗ್ನಲಿಗೆ ಕಾಯದೆ ಹಿಂದಕ್ಕೆ ಹೊರಳಲು ಬೇರೆಯೇ ಲೇನು. ನ್ಯೂಜೆರ್ಸಿಯಲ್ಲಿ ಫೋನು ಕೈಯಲ್ಲಿ ಹಿಡಿದರೇ ದಂಡ. ಟೆಕ್ಸಾಸಿನಲ್ಲಿ ರಾಜ್ಯದ ಮಟ್ಟದಲ್ಲಿ 2017ರಿಂದ ನಿಷಿದ್ಧವಾಗಿರುವುದು ಓಡಿಸುತ್ತಾ ಮೆಸೇಜು ಮಾಡುವುದು. ನ್ಯೂಯಾರ್ಕ್ ನಗರದಲ್ಲಿ ಬೋರ್ಡು ಇಲ್ಲದ ಕಡೆ ಕೆಂಪು ದೀಪಕ್ಕೆ ಬಲ ತಿರುಗುವಂತಿಲ್ಲ. ಉಳಿದ ಕಡೆ ಸಾಮಾನ್ಯವಾಗಿ ನಿಂತು, ನೋಡಿ, ತಿರುಗಬಹುದು. ಪೆಟ್ರೋಲ್ ಬಂಕಿನಲ್ಲೂ ಪಾಠವಿದೆ. 1949ರ ಕಾನೂನಿನ ಪ್ರಕಾರ ನ್ಯೂಜೆರ್ಸಿಯಲ್ಲಿ ಗಿರಾಕಿ ತಾನೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ. ಅಲ್ಲೇ ಲೈಸೆನ್ಸ್ ಪಡೆದು, ಅಲ್ಲೇ ಪಳಗಿದವರು ಪ್ಲೇನೋದ ಬಂಕಿನಲ್ಲಿ ಕಾರಿನೊಳಗೇ ಕೂತು ಹುಡುಗ ಬರಲಿ ಎಂದು ಕಾಯುವುದುಂಟು. ಎರಡನೆಯ ಕರೆಂಟ್ ಬಿಲ್ಲನ್ನು ಬಿಟ್ಟು ಇಂಥ ಹತ್ತು ಪ್ರಶ್ನೆ ಕೇಳಿದ್ದರೆ ರಸ್ತೆಗೂ ಒಳ್ಳೆಯದಿತ್ತು, ಹೊಸಬರಿಗೂ ಒಳ್ಳೆಯದಿತ್ತು.

ಓಡಿಸುವ ಪರೀಕ್ಷೆ ಇರುವುದು ಭಾರತದಿಂದ ನೇರವಾಗಿ ಬಂದವರಿಗೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಳೆಗಾಲದ ಮಂಜಿನೊಳಗೆ ಇಪ್ಪತ್ತು ವರ್ಷ ಗಾಡಿ ಓಡಿಸಿದವರೂ ಟೆಕ್ಸಾಸಿನಲ್ಲಿ ಹೊಸಬರೇ. ಜರ್ಮನಿ, ಫ್ರಾನ್ಸ್, ದಕ್ಷಿಣ ಕೊರಿಯಾಗಳ ಲೈಸೆನ್ಸಿಗೆ ಅಲ್ಲಿ ಮನ್ನಣೆಯ ಒಪ್ಪಂದವಿದೆ. ನಮ್ಮ ದೇಶದ್ದಕ್ಕೆ ಇಲ್ಲ. ಹಾಗಾಗಿ ಭಾರತದಿಂದ ಬಂದವರು ಕಂಬಗಳ ನಡುವೆ ಪ್ಯಾರಲಲ್ ಪಾರ್ಕಿಂಗ್ ಮಾಡಿ ತೋರಿಸಬೇಕು. ಘಾಟಿಯಲ್ಲಿ ಬಸ್ಸಿಗೆ ದಾರಿ ಬಿಟ್ಟುಕೊಟ್ಟು ಅರ್ಧ ಮೈಲಿ ರಿವರ್ಸ್ ಬಂದ ಕೈಗಳು ಇಲ್ಲಿ ಬೆವರುತ್ತವೆ. ವಿಮೆಯವರ ಲೆಕ್ಕದಲ್ಲಂತೂ ಆ ಇಪ್ಪತ್ತು ವರ್ಷಕ್ಕೆ ಬೆಲೆಯಿರುವುದು ಅಪರೂಪ. ಒಮ್ಮೆ ಒಂದು ರಾಜ್ಯದಲ್ಲಿ ಪಾಸಾದರೆ ಮುಂದಿನ ಬಹುತೇಕ ರಾಜ್ಯಗಳು ಆ ಪಾಸನ್ನು ನಂಬುತ್ತವೆ. ಅಮೆರಿಕದ ರಾಜ್ಯಗಳ ನಡುವಿನ ನಂಬಿಕೆ ಅಷ್ಟು ಮಟ್ಟಿಗೆ ಗಟ್ಟಿ.

ನಂಬಿಕೆಯ ಜೊತೆ ಕಣ್ಣುಗಾವಲೂ ಇದೆ. 1960ರ ದಶಕದಿಂದ ಬಹುತೇಕ ರಾಜ್ಯಗಳು ಒಂದು ಒಡಂಬಡಿಕೆಗೆ ಸೇರಿಕೊಂಡಿವೆ: ಒಬ್ಬ ಚಾಲಕ, ಒಂದು ಲೈಸೆನ್ಸ್, ಒಂದು ದಾಖಲೆ. ರಾಷ್ಟ್ರೀಯ ಚಾಲಕ ನೋಂದಣಿ ಎಂಬ ಕೇಂದ್ರದ ಪಟ್ಟಿ ಬೇರೆ. ಲೈಸೆನ್ಸ್ ಅಮಾನತಾದವರ, ರದ್ದಾದವರ ಹೆಸರು ಅದರಲ್ಲಿರುತ್ತದೆ; ಹೊಸ ರಾಜ್ಯದ ಗುಮಾಸ್ತರು ಮೊದಲು ಅದನ್ನೇ ನೋಡುತ್ತಾರೆ. ನ್ಯೂಯಾರ್ಕಿನಲ್ಲಿ ಸ್ಪೀಡಿಂಗ್ ಟಿಕೆಟ್ ಹಾಕಿಸಿಕೊಂಡು, ಅದಕ್ಕೆ ಉತ್ತರ ಕೊಡದೆ ಮರೆತು, ಅಲ್ಲಿ ಓಡಿಸುವ ಹಕ್ಕು ಅಮಾನತಾಗಿದ್ದರೆ ಟೆಕ್ಸಾಸಿನ ಪರದೆಯ ಮೇಲೆ ಅದು ಎದ್ದು ಬರುತ್ತದೆ. ನ್ಯೂಯಾರ್ಕಿನ ಅಮಾನತು ತೆರವಾಗದೆ ಟೆಕ್ಸಾಸಿನ ಕಾರ್ಡು ಸಿಗುವುದಿಲ್ಲ.

ವೀಸಾದ ಮೇಲಿರುವವರ ಕಾರ್ಡಿಗೆ ಇನ್ನೊಂದು ಮಿತಿಯುಂಟು. ಅರಿಜೋನದ ಪೌರರಿಗೆ ಸಾಮಾನ್ಯ ಲೈಸೆನ್ಸ್ 65ನೇ ವಯಸ್ಸಿನವರೆಗೆ ನಡೆಯುತ್ತದೆ. ಆಗೀಗ ಫೋಟೊ ಹೊಸದು ಮಾಡಿಸಬೇಕು. ಟೆಕ್ಸಾಸಿನಲ್ಲಿ ಪೌರರಿಗೆ 8 ವರ್ಷ. ಎಚ್-1ಬಿಯವರ ಕಾರ್ಡು ಅವರ ಐ-94 (ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂದು ಹೇಳುವ ಪ್ರವೇಶ ದಾಖಲೆ) ಮುಗಿಯುವ ದಿನವೇ ಮುಗಿಯುತ್ತದೆ. ಎಚ್-1ಬಿ ಸಿಗುವುದು ಹೆಚ್ಚೆಂದರೆ ಮೂರು ಮೂರು ವರ್ಷದ ಕಂತಿನಲ್ಲಿ. ವಿಸ್ತರಣೆಗೆ ಅರ್ಜಿ ಹಾಕಿ ಕಾಯುತ್ತಿರುವಾಗ 240 ದಿನ ಕೆಲಸ ಮಾಡಲು ಕಾನೂನು ಬಿಡುತ್ತದೆ, ಆದರೆ ಕೆಲಸಕ್ಕೆ ಹೋಗುವ ಕಾರು ಓಡಿಸಲು ಲೈಸೆನ್ಸ್ ಸತ್ತಿರಬಹುದು. ಕೌಂಟರಿನವರು ವಲಸೆ ಇಲಾಖೆಯ 'ಸೇವ್' ಎಂಬ ಗಣಕ ವ್ಯವಸ್ಥೆಯಲ್ಲಿ ಹೆಸರು ಹಾಕಿ ನೋಡುತ್ತಾರೆ. ಕೆಲವರದ್ದು ಕಣ್ಣು ಮಿಟುಕಿಸುವುದರಲ್ಲಿ ಹೊಂದುತ್ತದೆ. ಕೆಲವರದ್ದು ಹೊಂದುವುದಿಲ್ಲ, ಹೆಚ್ಚಿನ ತಪಾಸಣೆಗೆ ಹೋಗುತ್ತದೆ, ಮನೆಗೆ ಹೋಗಿ ಕಾಯಿರಿ ಎನ್ನುತ್ತಾರೆ. ಅದೇ ಕಂಪನಿ, ಅದೇ ವೀಸಾ, ಅಕ್ಕಪಕ್ಕದ ಕ್ಯುಬಿಕಲ್ಲಿನ ಇಬ್ಬರಿಗೆ ಬೇರೆ ಬೇರೆ ಹಣೆಬರಹ.

ಅರ್ಜಿಯ ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ, ಎರಡಕ್ಕೂ ಕಾರಿಗೂ ಸಂಬಂಧವಿಲ್ಲ. ಒಂದು, ಅಂಗಾಂಗ ದಾನ ಮಾಡುತ್ತೀರಾ? ಹೌದೆಂದವರ ಕಾರ್ಡಿನ ಮೇಲೆ ಬಹಳಷ್ಟು ರಾಜ್ಯಗಳಲ್ಲಿ ಪುಟ್ಟ ಹೃದಯದ ಗುರುತು ಬರುತ್ತದೆ. ಈ ಪ್ರಶ್ನೆಗೆ ಕನ್ನಡಿಗರು ತಡವರಿಸಬೇಕಾಗಿಲ್ಲ. 2006ರಲ್ಲಿ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ವಾರಗಳಲ್ಲಿ ಕರ್ನಾಟಕದ ನೇತ್ರಬ್ಯಾಂಕುಗಳ ಮುಂದೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಈಗ ನಮ್ಮ ದೇಶದ ಲೈಸೆನ್ಸ್ ಅರ್ಜಿಯಲ್ಲೂ ಈ ಪ್ರಶ್ನೆ ಇದೆ.

ಇನ್ನೊಂದು ಪ್ರಶ್ನೆ ನೋಡಲು ಸಾಧು, ಒಳಗೆ ವಿಷ. ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ? 1993ರ ಕಾನೂನೊಂದು ಲೈಸೆನ್ಸ್ ಕಚೇರಿಗಳಲ್ಲೇ ಈ ಸೌಲಭ್ಯ ಕೊಡಬೇಕೆಂದಿತು. 'ಮೋಟರ್ ವೋಟರ್' ಕಾನೂನು ಎಂದೇ ಅದಕ್ಕೆ ಹೆಸರು. ಪೌರರಿಗೆ ಅದು ಉಪಕಾರ. ಗುಮಾಸ್ತರು ದಿನಕ್ಕೆ ನೂರು ಸಲ ಕೇಳುವ ಧಾಟಿಯಲ್ಲಿ ಕೇಳುತ್ತಾರೆ. ಎಲ್ಲದಕ್ಕೂ 'ಯೆಸ್' ಎನ್ನುತ್ತಾ ಬಂದ ಹೊಸಬರು ಇದಕ್ಕೂ ಯೆಸ್ ಎಂದು, ಪೌರರೇ ಎಂಬ ಚೌಕಕ್ಕೂ ಟಿಕ್ ಹಾಕಿದರೆ ಮುಗಿಯಿತು. ಪೌರರೆಂದು ಸುಳ್ಳು ಹೇಳಿಕೊಂಡವರಿಗೆ ಗ್ರೀನ್ ಕಾರ್ಡಿನ ಬಾಗಿಲನ್ನು 1996ರ ವಲಸೆ ಕಾನೂನು ಶಾಶ್ವತವಾಗಿ ಮುಚ್ಚಬಲ್ಲದು. ಗೊತ್ತಿಲ್ಲದೆ ಆಯಿತು ಎನ್ನುವುದು ಸುಲಭವಾಗಿ ನಡೆಯುವ ವಾದವಲ್ಲ. ಕೆಲವೊಮ್ಮೆ ತಪ್ಪು ಕಚೇರಿಯದ್ದೇ ಇರುತ್ತದೆ: 2018ರಲ್ಲಿ ಕ್ಯಾಲಿಫೋರ್ನಿಯಾದ ಡಿಎಂವಿ ಸುಮಾರು 1,500 ಮಂದಿಯನ್ನು ತಪ್ಪಾಗಿ ಮತದಾರರ ನೋಂದಣಿಗೆ ಕಳಿಸಿದ್ದಾಗಿ, ಅವರಲ್ಲಿ ಪೌರರಲ್ಲದವರೂ ಇದ್ದುದಾಗಿ ಒಪ್ಪಿಕೊಂಡಿತು. ಇಡೀ ಲೈಸೆನ್ಸ್ ವರ್ಗಾವಣೆಯಲ್ಲಿ ನಿಜವಾದ ಅಪಘಾತ ಆಗುವ ಜಾಗ ಇದು.

ನಮ್ಮ ದೇಶದಲ್ಲಿ ವ್ಯವಸ್ಥೆ ತಿರುಗುಮುರುಗು. 1988ರ ಮೋಟಾರು ವಾಹನ ಕಾಯಿದೆಯ 13ನೇ ಕಲಮಿನಂತೆ ಒಂದು ರಾಜ್ಯದ ಲೈಸೆನ್ಸ್ ಭಾರತವಿಡೀ ನಡೆಯುತ್ತದೆ. ಹಾಸನದಲ್ಲಿ ಪಡೆದ ಕಾರ್ಡಿನಲ್ಲಿ ಗುವಾಹಟಿಯಲ್ಲಿ ಮನೆ ಮಾಡಿಕೊಂಡು ಓಡಾಡಿದರೂ ಯಾರೂ ಕೇಳುವುದಿಲ್ಲ. ಸವಾರ ಸ್ವತಂತ್ರ, ಸಿಕ್ಕಿಬೀಳುವುದು ಗಾಡಿ. ಕೆಎ-13 ಎಂದು ಬರೆಸಿಕೊಂಡ ಕಾರು ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿ ಉಳಿದರೆ ಅಲ್ಲಿನ ನಂಬರ್ ಪಡೆಯಬೇಕು, ಹಳೆಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಹೊಸ ರಾಜ್ಯಕ್ಕೆ ತೆರಿಗೆ ಕಟ್ಟಿ, ಹಳೆಯ ರಾಜ್ಯಕ್ಕೆ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದದ್ದನ್ನು ವಾಪಸು ಕೇಳಿ ಅರ್ಜಿ ಹಾಕಬೇಕು. 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರು ಸೈನ್ಯದವರಿಗೆ, ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳವರಿಗೆ ಈ ಪೀಡೆ ತಪ್ಪಿಸಿದೆ. ಸವಾರನನ್ನು ದೇಶಕ್ಕೆ ಬಿಟ್ಟು ಗಾಡಿಯನ್ನು ರಾಜ್ಯಕ್ಕೆ ಕಟ್ಟಿಹಾಕುವ ನಮ್ಮ ಕ್ರಮವೇ ಎರಡರಲ್ಲಿ ಹೆಚ್ಚು ಮನುಷ್ಯತ್ವದ್ದು. ಅಮೆರಿಕ ಎರಡನ್ನೂ ಕಟ್ಟಿಹಾಕುತ್ತದೆ.

ಹಾಗೆ ಕಟ್ಟಿಹಾಕಲು ಅಮೆರಿಕಕ್ಕೆ ಕಾರಣವೂ ಇದೆ. ಆಧಾರ್ ಇಲ್ಲದ, ರಾಷ್ಟ್ರೀಯ ಗುರುತಿನ ಚೀಟಿಯೇ ಇಲ್ಲದ ದೇಶದಲ್ಲಿ ಡ್ರೈವಿಂಗ್ ಲೈಸೆನ್ಸೇ ಗುರುತಿನ ಚೀಟಿ. ಬ್ಯಾಂಕಿಗೆ, ಬಾಡಿಗೆ ಮನೆಗೆ, ಬಿಯರ್ ಕೊಳ್ಳಲಿಕ್ಕೆ ಅದೇ. 2001ರ ಸೆಪ್ಟೆಂಬರ್ 11ರ ದಾಳಿಕೋರರ ಹತ್ತಿರವೂ ರಾಜ್ಯಗಳು ಕೊಟ್ಟ ಲೈಸೆನ್ಸುಗಳಿದ್ದವು. ಅದರ ಫಲವಾಗಿ 2005ರಲ್ಲಿ, ರಾಜ್ಯಗಳ ಲೈಸೆನ್ಸಿಗೆ ದೇಶವಿಡೀ ಒಂದೇ ಮಾನದಂಡ ಇಡುವ ರಿಯಲ್ ಐಡಿ ಕಾಯಿದೆ ಬಂತು. ವರ್ಷದ ಮೇಲೆ ವರ್ಷ ಮುಂದಕ್ಕೆ ಹೋಗಿ ವಿಮಾನ ನಿಲ್ದಾಣಗಳಲ್ಲಿ ಜಾರಿಯಾದದ್ದು 2025ರ ಮೇ 7ರಂದು. ಕಾರ್ಡಿನ ಮೂಲೆಯ ನಕ್ಷತ್ರ ಅದರ ಗುರುತು. ಎರಡೆರಡು ವಿಳಾಸದ ಪುರಾವೆ ಕೇಳುವ ಶಾಸ್ತ್ರಕ್ಕೆ ಈ ಕಾಯಿದೆಯ ಬಲವಿದೆ.

ಈ ವರ್ಷ ರಾಜ್ಯ ಬದಲಿಸಲಿರುವವರಿಗೆ ಒಂದೆರಡು ಮಾತು. ವೀಸಾದ ಮೇಲಿದ್ದರೆ ಐ-94ರ ಹೊಸ ಪ್ರತಿಯನ್ನು ಹೊರಡುವ ಮುಂಚೆ ಪ್ರಿಂಟ್ ಮಾಡಿಕೊಳ್ಳಿ. ಕರೆಂಟ್ ಅಥವಾ ನೀರಿನ ಬಿಲ್ಲಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಹಾಕಿಸಿ. ಮತದಾರರ ಪ್ರಶ್ನೆಗೆ ಪೌರರಲ್ಲದವರು ಸ್ಪಷ್ಟವಾಗಿ ಇಲ್ಲ ಎನ್ನಿ, ಸಹಿ ಹಾಕುವ ಮುನ್ನ ಆ ಚೌಕವನ್ನು ಇನ್ನೊಮ್ಮೆ ನೋಡಿ. ಅಸಲಿ ಕಾರ್ಡು ಅಂಚೆಯಲ್ಲಿ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕೊಡುವ ಕಾಗದದ ಲೈಸೆನ್ಸನ್ನು ವಿಮಾನ ನಿಲ್ದಾಣದ ಭದ್ರತೆಯವರು ಗುರುತಿನ ಚೀಟಿಯೆಂದು ಒಪ್ಪುವುದಿಲ್ಲ, ಪಾಸ್‌ಪೋರ್ಟ್ ಜೊತೆಗಿರಲಿ. ಮತ್ತೆ, ಹಳೆಯ ಲೈಸೆನ್ಸನ್ನು ಕೌಂಟರಿನಲ್ಲಿ ಒಪ್ಪಿಸುವ ಮೊದಲು ಅದರ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ರಾಜ್ಯದ ಟೋಲಿನವರೋ ವಿಮೆಯವರೋ ಆ ನಂಬರನ್ನು ಆಮೇಲೂ ಕೇಳಬಹುದು.